ಜಪಾನಿನ ಬಾಲಕ್ಕೆ ನಾನು ಹಾಕಿದ ಕಚ್ಚೆ

ಶ್ರಾವ್ಯಾ, ನಿಹಾಲ್, ಕಳೆದ ಶುಕ್ರವಾರ ಮಾಲಿನಲ್ಲಿ ನೀವಿಬ್ಬರೂ ಸೇರಿ ನನ್ನನ್ನು ಬೈದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಎಸ್ಕಲೇಟರ್ ಹತ್ತಿರ ಶ್ರಾವ್ಯಾ ನನ್ನ ಸೆರಗನ್ನು ನೆಲದಿಂದ ಎತ್ತಿ ನನ್ನ ಕೈಗೇ ಕೊಟ್ಟಳು. ಇದು ಒಳಗೆ ಹೋದರೆ ಹಿಂದೆಯೇ ನೀವೂ ಹೋಗುತ್ತೀರಿ ಅಜ್ಜಿ ಎಂದಳು. ಹಾಗೆ ಹೋದ ಅಜ್ಜಿ ಕೆಳಗಿನ ಮಹಡಿಯಲ್ಲಿ ಚಪಾತಿಯಾಗಿ ಹೊರಗೆ ಬರುತ್ತಾಳೆ ಎಂದದ್ದು ನಿಹಾಲ್. ಹಿಂದೆ ನಿಂತಿದ್ದ ಫಿಲಿಪ್ಪೀನ್ಸ್‌ನ ಹುಡುಗಿಗೆ ಭಾಷೆ ತಿಳಿಯದಿದ್ದರೂ ನಗು ಬಂತು.

ನನಗೆ ಉತ್ತರ ಆ ಹೊತ್ತಿಗೆ ಬರುವುದಿಲ್ಲ. ಮನೆಗೆ ಬಂದು ಉದ್ದು ನೆನೆಹಾಕುವಾಗ ಬರುತ್ತದೆ. ಅಷ್ಟರಲ್ಲಿ ಕೇಳಿದವರು ಮಲಗಿರುತ್ತಾರೆ. ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಕನ್ನಡ ಊರಿನ ಬಸ್ಸಿನ ಬೋರ್ಡು ಓದುವಷ್ಟೇ ಉಂಟು, ಅದೂ ಬಸ್ಸು ನಿಂತಿದ್ದರೆ ಮಾತ್ರ. ಹಾಗಾಗಿ ಸದ್ಯಕ್ಕೆ ಇದನ್ನು ನಿಮ್ಮ ಅಮ್ಮ ಶೋಭಾಳೇ ಓದಿ ಹೇಳಬೇಕು. ಅವಳ ವಿಷಯ ಬರುವಲ್ಲಿ ಸ್ವಲ್ಪ ಚಂದ ಮಾಡಿ ಬರೆದಿದ್ದೇನೆ. ಓದುವಾಗ ಅವಳು ಗಂಟಲು ಸರಿಮಾಡಿಕೊಂಡರೆ ಅಲ್ಲಿ ಏನೋ ಬಿಟ್ಟಳು ಅಂತ ತಿಳಿದುಕೊಳ್ಳಿ.

ವಿಷಯ ಏನೆಂದರೆ, ಬಹ್ರೈನಿಗೆ ಬರುವವರೆಗೆ ನನ್ನ ಸೆರಗು ನೆಲ ಕಂಡದ್ದಿಲ್ಲ. ಬೆಳಿಗ್ಗೆ ಸೊಂಟಕ್ಕೆ ಸಿಕ್ಕಿಸಿದರೆ ರಾತ್ರಿ ಚಾಪೆ ಹಾಸುವಾಗ ಬಿಡುವುದು. ನಮ್ಮೂರಲ್ಲಿ ಹೆಣ್ಣುಮಕ್ಕಳ ಬಟ್ಟೆಯ ತುದಿ ನೆಲಕ್ಕೆ ತಾಗಿದರೆ ಬೀದಿಯ ಎರಡೂ ಬದಿಯವರಿಗೆ ಕೆಲಸ ಸಿಗುತ್ತಿತ್ತು. ರಸ್ತೆ ಗುಡಿಸುವುದಾ ಮಗಾ, ಪಂಚಾಯಿತಿಯವರು ಹೇಳಿದ್ದಾರಾ ಅಂತ ಕೇಳುವರು. ನನ್ನ ಲಂಗವನ್ನು ಅಮ್ಮ ತನ್ನ ಹಳೆಯ ಸೀರೆಯಲ್ಲೇ ಹೊಲಿಸುತ್ತಿದ್ದದ್ದು. ಮುಂದೆ ಉದ್ದವಾಗುವ ಹುಡುಗಿ ಅಂತ ಕೆಳಗೆ ಮಡಿಕೆ ಮೇಲೆ ಮಡಿಕೆ ಇಟ್ಟು, ವರ್ಷಕ್ಕೊಂದು ಬಿಚ್ಚುವುದು. ಮಡಿಕೆ ಬಿಚ್ಚಿದಲ್ಲಿ ಬಣ್ಣ ಮಾಸದ ಪಟ್ಟೆ ಕಾಣುತ್ತಿತ್ತು. ಆ ಪಟ್ಟೆಗಳನ್ನು ನೋಡಿ ನಾನು ಯಾವ ಕ್ಲಾಸು ಎಂದು ಯಾರು ಬೇಕಾದರೂ ಹೇಳಬಹುದಿತ್ತು. ನನ್ನನ್ನು ಕೇಳುವ ಅಗತ್ಯ ಇರಲಿಲ್ಲ, ಅದು ನನಗೂ ಒಳ್ಳೆಯದೇ ಆಯಿತು, ಏಕೆಂದರೆ ಕೇಳಿದರೆ ನಾನು ಹೇಳುತ್ತಿರಲಿಲ್ಲ.

ಅಷ್ಟು ನಾಚಿಕೆ. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಹೆಡ್‌ಮಾಸ್ತರರು ನನಗೆ ಮಾತಿಲ್ಲದ ಪಾತ್ರ ಕೊಟ್ಟರು, ರಾಜನಿಗೆ ಚಾಮರ ಬೀಸುವುದು. ಪರದೆ ಎದ್ದಾಗ ಎದುರು ಅಷ್ಟು ಜನ ಕಂಡು, ನಾನು ಅವರಿಗೆ ಬೆನ್ನು ಹಾಕಿ ನಿಂತುಬಿಟ್ಟೆ. ನಾಟಕ ಮುಗಿಯುವವರೆಗೆ ಚಾಮರದ ಗಾಳಿ ಹಿಂದಿನ ಪರದೆಗೆ ಹೋಯಿತು, ರಾಜನಿಗೆ ಸಿಕ್ಕಿದ್ದು ನನ್ನ ಮೊಣಕೈ. ಮಾರನೆಯ ದಿನ ಅಮ್ಮನಿಗೆ ನೆರೆಮನೆಯವರು ಹೇಳಿದ್ದು, ನಿಮ್ಮ ಮಗಳ ಜಡೆ ಮಾತ್ರ ಬಹಳ ಚಂದ ಕಂಡಿತು ಎಂದು.

ಎದುರು ನಿಲ್ಲಲಿಕ್ಕೆ ಬಾರದವಳಿಗೆ ಹಿಂದೆ ನಿಲ್ಲುವ ಕೆಲಸ ಒಂದು ಸಿಕ್ಕಿತು. ಮದುಮಗಳಿಗೆ ಸೀರೆ ಉಡಿಸುವುದು. ಅದರಲ್ಲಿ ಮಾತಾಡಬೇಕಾಗಿಲ್ಲ, ಬಾಯಿಯಲ್ಲಿ ದಾರ ಕಚ್ಚಿಕೊಂಡಿದ್ದರೆ ಯಾರೂ ಮಾತಾಡಿಸುವುದೂ ಇಲ್ಲ. ನಮ್ಮ ಸುತ್ತಿನಲ್ಲಿ ಧಾರೆ ಎಂದರೆ ನನಗೆ ಕರೆ ಬರುತ್ತಿತ್ತು. ಜರಿ ಭಾರದ ಸೀರೆ ಜಾರದ ಹಾಗೆ, ಮದುಮಗಳು ಊಟವನ್ನೂ ಮಾಡುವ ಹಾಗೆ ಕಟ್ಟಬೇಕು. ಆಮೇಲೆ ನಿಮ್ಮ ಅಜ್ಜ ತೀರಿಕೊಂಡರು. ಕರೆ ನಿಂತಿತು. ಬರಬೇಡಿ ಅಂತ ಯಾರೂ ಹೇಳಲಿಲ್ಲ, ಹಾಗೆ ಹೇಳುವಷ್ಟು ಕೆಟ್ಟವರು ನಮ್ಮೂರಲ್ಲಿ ಇಲ್ಲ. ಊಟಕ್ಕೆ ಕರೆದರು, ಎದುರಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರು, ಎರಡು ಸಲ ಪಾಯಸ ಹಾಕಿಸಿದರು. ಸೀರೆ ಉಡಿಸುವ ಕೋಣೆಯ ಬಾಗಿಲು ಮಾತ್ರ ನಾನು ಬರುವಾಗ ಹೇಗೋ ಮುಚ್ಚಿರುತ್ತಿತ್ತು. ಸತ್ತದ್ದು ಅವರು, ಕೈ ಹೋದದ್ದು ನನ್ನದು.

ಎರಡು ಚಳಿಗಾಲದ ಹಿಂದೆ ನಿಮ್ಮ ವೀಣಾ ಚಿಕ್ಕಿಯ ಮದುವೆ ಇಲ್ಲೇ ಬಹ್ರೈನಿನಲ್ಲಿ ಎಂದು ನಿಶ್ಚಯವಾಯಿತು. ವೀಣಾ ಇಲ್ಲಿ ನರ್ಸ್, ಹುಡುಗನೂ ಇಲ್ಲೇ ಕೆಲಸದಲ್ಲಿರುವವನು, ಊರಿಗೆ ಹೋಗಿ ಬರಲು ಇಬ್ಬರಿಗೂ ರಜೆ ಒಟ್ಟಿಗೆ ಸಿಗುವುದಿಲ್ಲ. ವೀಣಾ ಫೋನ್ ಮಾಡಿ, ಅಮ್ಮ ನೀನು ಬರಬೇಕು, ಬಂದು ಧಾರೆ ಸೀರೆ ನೀನೇ ಉಡಿಸಬೇಕು ಎಂದಳು. ನಾನು ನೋಡುವ ಎಂದೆ. ನಮ್ಮಲ್ಲಿ ನೋಡುವ ಎಂದರೆ ಇಲ್ಲ ಎಂದೇ ಅರ್ಥ. ಅವಳಿಗೂ ಗೊತ್ತು, ಆದರೂ ಪ್ರತಿ ವಾರ ಕೇಳುತ್ತಿದ್ದಳು.

ಮದುವೆಗೆಂದು ಇಲ್ಲಿ ಅರಾದಿಗೆ, ನಿಮ್ಮ ಮನೆಗೆ ಬಂದ ಮೇಲೆ ಇನ್ನೂ ಕಷ್ಟವಾಯಿತು. ಹಮದ್ ಟೌನಿನಿಂದ ಸುಮಿತ್ರಾ ಬಂದಳು. ನೀವು ಸುಮಿತ್ರಜ್ಜಿ ಎನ್ನುವುದು ಅವಳನ್ನೇ, ನಿಮ್ಮ ಅಜ್ಜನ ತಂಗಿ. ಬಹ್ರೈನಿಗೆ ನಮ್ಮೆಲ್ಲರಿಗಿಂತ ಮೊದಲು ಬಂದವಳು, ದಾರಿ ಹೇಳುವಾಗ ಎಲ್ಲವನ್ನೂ ರೌಂಡ್‌ಅಬೌಟಿನ ಲೆಕ್ಕದಲ್ಲಿ ಹೇಳುವವಳು. ಅವಳೂ ನಿಮ್ಮ ಅಪ್ಪ ದಿನೇಶನೂ ಸೇರಿದರೆ ಮಾತಿಗೊಂದು ಖಲ್ಲಿವಲ್ಲಿ. ಅರಬ್ಬಿಯವರಿಂದ ಕಲಿತ ಮಾತಂತೆ, ಹೋಗಲಿ ಬಿಡು ಅಂತ ಅರ್ಥ. ಹಿದ್ದಿನ ಬಂದರಿನಲ್ಲಿ ದಿನೇಶನ ಕಂಟೇನರ್ ತಪ್ಪಿಹೋದರೂ ಖಲ್ಲಿವಲ್ಲಿ, ಸಾರಿಗೆ ಉಪ್ಪು ಹೆಚ್ಚಾದರೂ ಖಲ್ಲಿವಲ್ಲಿ. ಸುಮಿತ್ರಾ ಮದುವೆ ಹಾಲಿನ ಹೂವು, ಊಟ, ಬ್ಯೂಟಿ ಪಾರ್ಲರಿನವಳು ಎಲ್ಲ ಗೊತ್ತುಮಾಡಿದ್ದಳು. ನನ್ನ ಕೈ ಹಿಡಿದು, ನೀವು ಆವತ್ತು ಏನೂ ಮಾಡಲಿಕ್ಕಿಲ್ಲ ಅತ್ತಿಗೆ, ಆರಾಮ ಕೂತುಕೊಳ್ಳಿ, ಸೀರೆ ಉಡಿಸಲಿಕ್ಕೆ ನಮ್ಮ ಮುತ್ತೈದೆಯರು ಇದ್ದಾರೆ ಎಂದಳು. ಪ್ರೀತಿಯಿಂದಲೇ ಹೇಳಿದಳು. ಅವಳ ಖಲ್ಲಿವಲ್ಲಿ ಅದೊಂದು ಕಡೆ ಮಾತ್ರ ಕೆಲಸ ಮಾಡುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಶೋಭಾ ಕೆಲಸದಿಂದ ಬಂದು, ಅಮ್ಮ ನಾಳೆ ನನ್ನ ಜೊತೆ ಹೋಟೆಲಿಗೆ ಬಾ ಎಂದಳು. ಅವಳಿರುವುದು ಹೌಸ್‌ಕೀಪಿಂಗಿನಲ್ಲಿ. ಅವರ ಹೋಟೆಲಿಗೆ ಜಪಾನಿನಿಂದ ಒಂದು ಮೇಳ ಬಂದಿತ್ತು. ಹಳೆಯ ಕಾಲದಲ್ಲಿ ಅರಮನೆಯಲ್ಲಿ ರಾಜರ ಮುಂದೆ ಕುಣಿಯುತ್ತಿದ್ದ ಕುಣಿತವಂತೆ, ಬುಗಾಕು ಎಂದು ಹೆಸರು. ಬಂದವರು ಅರಮನೆಯವರಲ್ಲ, ಯಾವುದೋ ಊರಿನ ದೇವಸ್ಥಾನದಲ್ಲಿ ವಂಶಪಾರಂಪರ್ಯವಾಗಿ ಕುಣಿಯುವವರು. ವೇಷ ಕಟ್ಟಲು ಎದುರು ಒಬ್ಬರು, ಹಿಂದೆ ಒಬ್ಬರು ಬೇಕು. ಹಿಂದೆ ನಿಲ್ಲುವ ಹೆಂಗಸಿಗೆ ಜ್ವರ ಬಂದು ವಿಮಾನ ಹತ್ತಲೇ ಇಲ್ಲ. ಹೋಟೆಲಿನ ಲಾಂಡ್ರಿಯ ಟೇಲರನನ್ನು ಕಳಿಸಿದರೆ ಅವನು ಬಂದವನೇ ಸೇಫ್ಟಿ ಪಿನ್ನಿನ ಡಬ್ಬಿ ತೆರೆದನಂತೆ. ಆ ರೇಷ್ಮೆಗೆ ಪಿನ್ನು ತಾಗಿಸುವ ಹಾಗಿಲ್ಲ, ಎಲ್ಲ ಗಂಟಿನಲ್ಲೇ ನಿಲ್ಲಬೇಕು. ಆಗ ನಿಮ್ಮ ಅಮ್ಮ ಅಲ್ಲಿ ನಿಂತು, ನನ್ನ ತಾಯಿ ಇದರಲ್ಲಿ ಎಕ್ಸ್‌ಪರ್ಟ್ ಎಂದುಬಿಟ್ಟಳು. ಜಪಾನಿನ ಬಟ್ಟೆಯಲ್ಲಿ. ನಾನು. ಜಪಾನಿನದ್ದು ಎಂದು ನನಗೆ ಗೊತ್ತಿದ್ದದ್ದು ನಮ್ಮೂರ ಸೊಸೈಟಿಯ ಗೋಡೆ ಗಡಿಯಾರ ಮಾತ್ರ, ಅದೂ ನಿಂತಿತ್ತು.

ನಾನು ಬರುವುದಿಲ್ಲ ಎಂದೆ. ಮಾರನೆಯ ದಿನ ಹೋಗಿದ್ದೆ. ನಿಮ್ಮ ಅಮ್ಮ ಯಾರನ್ನಾದರೂ ಹೊರಡಿಸುವುದು ಹೇಗೆ ಅಂತ ನಿಮಗೇ ಗೊತ್ತಲ್ಲ.

ಎದುರು ನಿಲ್ಲುವ ಹೆಂಗಸಿನ ಹೆಸರು ಯೊಶಿಕೊ. ನನಗಿಂತ ಸ್ವಲ್ಪ ದೊಡ್ಡವರಿರಬೇಕು. ನನ್ನ ನಾಲಿಗೆಗೆ ಯಶೋದಕ್ಕ ಎಂದೇ ಬಂತು, ಅವರು ಅದಕ್ಕೂ ಓಗೊಟ್ಟರು. ನಾನು ತಲೆ ಬಗ್ಗಿಸಿ ನಮಸ್ಕಾರ ಮಾಡಿದೆ. ಅವರು ಇನ್ನೂ ಬಗ್ಗಿದರು. ಹಿರಿಯರು ನನಗಿಂತ ತಗ್ಗಿದರಲ್ಲ ಎಂದು ನಾನು ಇನ್ನಷ್ಟು ಬಗ್ಗಿದೆ. ಶೋಭಾ ನಡುವೆ ಬಾರದಿದ್ದರೆ ಇಬ್ಬರೂ ಕಾರ್ಪೆಟ್ಟಿಗೆ ತಲುಪುತ್ತಿದ್ದೆವು. ಆಮೇಲೆ ನಾನು ಏನು ಮುಟ್ಟಿದರೂ ಅವರು ಹೈ ಎನ್ನುತ್ತಿದ್ದರು. ಇವರಿಗೆ ಹಿಂದಿ ಬರುತ್ತದೆ ಎಂದು ನನಗೆ ದೊಡ್ಡ ಧೈರ್ಯ ಬಂತು. ಕ್ಯಾ ಹೈ ಎಂದು ಕೇಳಿದೆ. ಅವರು ಅದಕ್ಕೂ ಹೈ ಎಂದರು. ಹೀಗೆ ಒಂದು ಗಂಟೆ ನಮ್ಮಿಬ್ಬರ ಸಂಭಾಷಣೆ ಬಹಳ ಸೌಹಾರ್ದದಿಂದ ನಡೆಯಿತು. ಅವರ ಭಾಷೆಯಲ್ಲಿ ಹೈ ಎಂದರೆ ಹೌದು ಎಂದು ಶೋಭಾ ಹೇಳಿದ್ದು ಅನಾಹುತ ಆದ ಮೇಲೆ.

ಬಟ್ಟೆಗಳನ್ನು ಒಂದೊಂದಾಗಿ ಪೆಟ್ಟಿಗೆಯಿಂದ ತೆಗೆದರು. ಮೊದಲು ಒಳಗಿನ ಬಿಳಿ. ಅದರ ಮೇಲೆ ಕೆಂಪು ರೇಷ್ಮೆಯ ಪ್ಯಾಂಟು, ಎಷ್ಟು ಅಗಲವೆಂದರೆ ಒಂದೊಂದು ಕಾಲಿನೊಳಗೆ ಒಬ್ಬೊಬ್ಬ ಮೊಮ್ಮಗುವನ್ನು ಅಡಗಿಸಿಡಬಹುದು. ಮೊಣಕಾಲಿನ ಕೆಳಗೆ ಸುತ್ತುವ ಪಟ್ಟಿ. ಆಮೇಲೆ ಉದ್ದನೆಯ ಒಳನಿಲುವಂಗಿ. ಅದರ ಮೇಲೆ ತೋಳಿಲ್ಲದ ಒಂದು ಜಾಕೀಟು, ಇಷ್ಟು ಕಸೂತಿ ಮಾಡಿ ಒಳಗೆ ಹಾಕುವುದಾ ಎಂದು ನನಗೆ ಸಂಕಟವಾಯಿತು. ಎಲ್ಲದರ ಮೇಲೆ ಬಲೆಯಷ್ಟು ತೆಳುವಾದ ದೊಡ್ಡ ತೋಳಿನ ಅಂಗಿ, ಒಳಗಿನ ಹೂಗಳು ಅದರೊಳಗಿಂದ ಕಾಣುತ್ತವೆ. ಕಾಲಿಗೆ ಬಿಳಿ ರೇಷ್ಮೆಯ ಮೆತ್ತನೆ ಬೂಟು. ತಲೆಗೆ ಹಕ್ಕಿಯ ಟೊಪ್ಪಿ, ಎದುರಿಗೆ ಕೊಕ್ಕು, ಹಿಂದೆ ಕತ್ತು ಮುಚ್ಚುವ ಹಾಳೆ. ನಮ್ಮ ಯಕ್ಷಗಾನ ಮೇಳದ ಬಣ್ಣದ ಚೌಕಿಯಲ್ಲಿ ಕಿರೀಟ ಕಟ್ಟುವುದನ್ನು ನಾನು ಚಿಕ್ಕವಳಿದ್ದಾಗ ಚಾಪೆಯ ಸಂದಿಯಿಂದ ನೋಡಿದ್ದೇನೆ. ಅಲ್ಲಿ ಬೆವರು, ಬೀಡಿ, ಬೈಗುಳ. ಇಲ್ಲಿ ಕರ್ಪೂರದ ಪರಿಮಳ, ಒಬ್ಬರೂ ಮಾತಾಡುವುದಿಲ್ಲ. ನನಗೆ ಹೇಳಿ ಮಾಡಿಸಿದ ಜಾಗ.

ಇವರಲ್ಲಿ ಎಡದವರು, ಬಲದವರು ಎಂದು ಎರಡು ಪಕ್ಷ. ಎಡದ ಕುಣಿತ ಚೀನಾ ಕಡೆಯಿಂದ ಬಂದದ್ದು, ಅವರಿಗೆ ಕೆಂಪು. ಬಲದ್ದು ಕೊರಿಯಾ ಕಡೆಯದು, ಅವರಿಗೆ ಹಸಿರು. ಎಡದವರು ಕುಣಿದ ಮೇಲೆ ಬಲದವರು ಕುಣಿಯಬೇಕು. ದಿನೇಶನಿಗೆ ಇದನ್ನು ಹೇಳಿದಾಗ, ಸಿಗ್ನಲ್ ಲೈಟು ಇದ್ದ ಹಾಗೆ ಅತ್ತೆ, ಹಳದಿಯವರು ಎಲ್ಲಿ ಎಂದ.

ಇನ್ನೊಬ್ಬ ಮುಖವಾಡದವನು. ಅದು ಒಬ್ಬ ರಾಜಕುಮಾರನ ವೇಷ. ಅವನ ಮುಖ ಅದೆಷ್ಟು ಚಂದವೆಂದರೆ ಯುದ್ಧದಲ್ಲಿ ಅವನ ಸೈನಿಕರೇ ಕತ್ತಿ ಬಿಟ್ಟು ಅವನನ್ನು ನೋಡುತ್ತ ನಿಲ್ಲುತ್ತಿದ್ದರಂತೆ. ಅದಕ್ಕೆ ಅವನು ಗದ್ದ ನೇತಾಡುವ ಭಯಂಕರ ಮುಖವಾಡ ಹಾಕಿಕೊಂಡು ಹೋಗಿ ಗೆದ್ದನಂತೆ. ನಿಮ್ಮ ಅಜ್ಜ ಬಸ್ ಕಂಡಕ್ಟರಾಗಿದ್ದರಲ್ಲ, ಅವರಿಗೆ ಈ ತೊಂದರೆ ಇರಲಿಲ್ಲ. ಅವರ ಮುಖ ನೋಡುತ್ತ ಯಾರೂ ಇಳಿಯುವ ಸ್ಟಾಪು ಮರೆತದ್ದಿಲ್ಲ.

ಈಗ ಅನಾಹುತಕ್ಕೆ ಬರುತ್ತೇನೆ. ಪ್ರದರ್ಶನದ ಹಿಂದಿನ ದಿನದ ಅಭ್ಯಾಸ ಅದು. ಕೆಂಪು ಪಕ್ಷದ ಹಿರಿಯರೊಬ್ಬರು ನನ್ನ ಎದುರು ಬೆನ್ನು ಮಾಡಿ ನಿಂತಿದ್ದರು. ಬಿಳಿ ಕೂದಲು, ನೆಟ್ಟಗಿನ ಬೆನ್ನು, ನಮ್ಮ ಹೆಡ್‌ಮಾಸ್ತರರದ್ದೇ ನಿಲುವು, ಆದ್ದರಿಂದ ಹೆಡ್‌ಮಾಸ್ತರರೆಂದೇ ಬರೆಯುತ್ತೇನೆ. ಯಶೋದಕ್ಕ ಅವರಿಗೆ ಒಳನಿಲುವಂಗಿ ತೊಡಿಸಿ, ಟೊಪ್ಪಿ ತರಲು ಪೆಟ್ಟಿಗೆಯ ಕಡೆ ತಿರುಗಿದರು. ನೋಡುತ್ತೇನೆ, ಆ ನಿಲುವಂಗಿಗೆ ಹಿಂದೆ ಬಾಲ. ಸೊಂಟದಿಂದ ಇಳಿದು ನೆಲಕ್ಕೆ ಬಿದ್ದು, ನನ್ನ ಕಾಲು ದಾಟಿ ಬಾಗಿಲಿನ ಕಡೆಗೆ ಹೋಗಿದೆ. ಅಷ್ಟು ಒಳ್ಳೆಯ ರೇಷ್ಮೆ ನೆಲದಲ್ಲಿ. ಹಿಂದೆ ನಿಲ್ಲುವವಳ ಕೆಲಸ ಇದೇ ಎಂದು ನನಗೆ ಹೊಳೆಯಿತು. ಇನ್ನು ಯಾಕೆ ಉದ್ದ ಬಟ್ಟೆಯನ್ನು ಹಿಂದೆ ಬಿಡುತ್ತಾರೆ? ಕಚ್ಚೆ ಹಾಕಲಿಕ್ಕೆ.

ಬಾಲವನ್ನು ಎತ್ತಿ ನೀಟಾಗಿ ನೆರಿಗೆ ಹಿಡಿದೆ. ಹೆಡ್‌ಮಾಸ್ತರರ ಎರಡು ಕಾಲಿನ ನಡುವೆ ಮುಂದಕ್ಕೆ ದಾಟಿಸಿ, ಸುತ್ತಿ ಎದುರು ಹೋಗಿ ಹಿಡಿದು, ಮತ್ತೆ ಹಿಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿದೆ. ಕಚ್ಚೆ ಸಡಿಲ ಇದ್ದರೆ ಪ್ರಯೋಜನವಿಲ್ಲ, ಆದ್ದರಿಂದ ಎಳೆದೆ. ಟೈಟ್ ಹೈ? ಎಂದು ನನ್ನ ಹಿಂದಿಯಲ್ಲಿ ಕೇಳಿದೆ. ಹೈ ಎಂದರು. ಇನ್ನೂ ಎಳೆದೆ. ಅಬ್ ಟೈಟ್ ಹೈ? ಅವರು ತುದಿಗಾಲಲ್ಲಿ ನಿಂತು, ಸ್ವಲ್ಪ ಸಣ್ಣ ದನಿಯಲ್ಲಿ ಹೈ ಎಂದರು. ಎಂಥ ಸಹನೆ. ನಿಜ ಹೇಳುತ್ತೇನೆ, ವೀರಗಚ್ಚೆ ಅಷ್ಟು ಚಂದ ಬಂದದ್ದು ನನ್ನ ಕೈಯಲ್ಲಿ ಅದೇ ಮೊದಲು.

ಯಶೋದಕ್ಕ ಟೊಪ್ಪಿ ಹಿಡಿದು ತಿರುಗಿದರು. ನೋಡಿದರು. ಟೊಪ್ಪಿಯನ್ನು ಎರಡೂ ಕೈಯಲ್ಲಿ ಬಹಳ ಜಾಗ್ರತೆಯಿಂದ ನೆಲದ ಮೇಲಿಟ್ಟರು. ಆಮೇಲೆ ಅದರ ಪಕ್ಕದಲ್ಲಿ ತಾವೂ ಕೂತರು. ಬಾಯಿಗೆ ಕೈ ಅಡ್ಡ ಹಿಡಿದಿದ್ದರು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದೇ ನಾನು ತಿಳಿದೆ. ಆಗ ಹೆಡ್‌ಮಾಸ್ತರರು ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು. ಒಂದು ಕಾಲೆತ್ತಿ ನೋಡಿದರು, ಇನ್ನೊಂದು ಎತ್ತಿ ನೋಡಿದರು, ಕೋಣೆಯೊಳಗೆ ಒಂದು ಸುತ್ತು ದಪದಪ ನಡೆದರು. ಇಡೀ ಮೇಳ ನಗಲಿಕ್ಕೆ ಶುರು ಮಾಡಿತು. ಕೊನೆಗೆ ಅದೇ ಕಚ್ಚೆಯಲ್ಲಿ ಫೋಟೋ ತೆಗೆಸಿಕೊಂಡರು, ನಾನು ಅವರ ಬೆನ್ನ ಹಿಂದೆ ನಿಂತಿದ್ದೇನೆ, ಫೋಟೋದಲ್ಲಿ ನನ್ನ ಒಂದು ಕಿವಿ ಮಾತ್ರ ಉಂಟು.

ಶೋಭಾಳ ಬಾಯಿಂದ ಯಶೋದಕ್ಕ ತಿಳಿಸಿ ಹೇಳಿದರು. ಬಾಲ ಸಿಕ್ಕಿಸಲಿಕ್ಕೆ ಅಲ್ಲ, ಎಳೆದುಕೊಂಡು ಹೋಗಲಿಕ್ಕೇ ಇರುವುದು. ಅರಮನೆಯಲ್ಲಿ ಯಾರ ಬಾಲ ಎಷ್ಟು ಉದ್ದವೋ ಅವರು ಅಷ್ಟು ದೊಡ್ಡವರು. ನೆಲ ಗುಡಿಸುವವನೇ ದೊಡ್ಡವನು. ನಮ್ಮ ಬೀದಿಯ ಎರಡೂ ಬದಿಯವರನ್ನು ಕರೆದು ಕೂರಿಸಿ ಇದನ್ನು ಕೇಳಿಸಬೇಕಿತ್ತು.

ಪ್ರದರ್ಶನದ ಸಂಜೆ ನಡೆದದ್ದು ಬೇರೆ. ಬಟ್ಟೆಗಳೆಲ್ಲ ಸಾಲಾಗಿ ಮಡಚಿಟ್ಟಿದ್ದವು. ವಾದ್ಯದವರು ಬಿದಿರಿನ ಗೊಂಚಲಿನಂಥ ಒಂದು ವಾದ್ಯವನ್ನು ಹೀಟರಿನ ಮೇಲೆ ಹಿಡಿದು ಬಿಸಿ ಮಾಡುತ್ತಿದ್ದರು. ಬಹ್ರೈನಿನಲ್ಲಿ ಹೀಟರ್ ಹುಡುಕಲು ನಿಮ್ಮ ಅಮ್ಮ ಪಟ್ಟ ಪಾಡು ಅವಳೇ ಹೇಳಲಿ. ಹೆಡ್‌ಮಾಸ್ತರರು ಕೈ ಚಾಚಿ ನಿಂತರು. ಮೊದಲ ಗಂಟು ಕೆಂಪು ಪ್ಯಾಂಟಿನದು, ಅದು ಎದುರು ನಿಲ್ಲುವವರ ಕೆಲಸ. ಯಶೋದಕ್ಕ ನನ್ನನ್ನು ಎದುರಿಗೆ ಕರೆದು ಅದರ ದಾರವನ್ನು ನನ್ನ ಕೈಯಲ್ಲಿ ಇಟ್ಟರು. ನಿನ್ನ ಗಂಟು ಗಟ್ಟಿ, ಇವತ್ತು ನೀನೇ ಶುರು ಮಾಡು ಎಂಬ ಹಾಗೆ ತಲೆ ಆಡಿಸಿದರು.

ಅಂಗೈಯಲ್ಲಿ ಕೆಂಪು ರೇಷ್ಮೆ. ಅಜ್ಜ ಹೋದ ಮೇಲೆ ಈ ಮೇಳ ಬರುವವರೆಗೆ ನಾನು ಆ ಬಣ್ಣದ ರೇಷ್ಮೆ ಮುಟ್ಟಿರಲಿಲ್ಲ. ಹಿಂದಿನ ದಿನ ಹಿಂದೆ ನಿಂತು ಕಟ್ಟುವಾಗ ಅದು ನೆನಪಾಗಿರಲಿಲ್ಲ, ಎದುರು ನಿಂತಾಗ ನೆನಪಾಯಿತು. ನಾನು ಹಿಂದೆ ಸರಿದೆ. ಮೊದಲ ಗಂಟು ಗಂಡ ಇರುವವರು ಹಾಕಬೇಕು, ನನಗೆ ಗಂಡ ಇಲ್ಲ ಎಂದು ಹೇಳು ಅಂತ ಶೋಭಾಳಿಗೆ ಹೇಳಿದೆ.

"ಅಮ್ಮ, ಇದು ಪ್ಯಾಂಟು. ಧಾರೆ ಸೀರೆ ಅಲ್ಲ" ಎಂದಳು ಶೋಭಾ.

"ಪ್ಯಾಂಟಾದರೂ ಕೆಂಪು. ನೀನು ಹೇಳು."

ಅವಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಯಶೋದಕ್ಕ ಗಂಭೀರವಾಗಿ ಕೇಳಿಸಿಕೊಂಡರು, ಸ್ವಲ್ಪ ಯೋಚಿಸಿದರು, ನನಗೊಮ್ಮೆ ತಲೆ ಬಗ್ಗಿಸಿ ಬಹಳ ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿದರು. ಶೋಭಾ ತುಟಿ ಕಚ್ಚಿಕೊಂಡು ಗೋಡೆ ನೋಡತೊಡಗಿದಳು. ಎಂತ ಹೇಳಿದರು ಎಂದು ನಾನು ಎರಡು ಸಲ ಕೇಳಬೇಕಾಯಿತು.

"ನಿನ್ನ ಗಂಡ ಅಷ್ಟು ಚಂದ ಗಂಟು ಹಾಕುತ್ತಿದ್ದರಾ ಅಂತ ಕೇಳ್ತಿದ್ದಾರೆ. ಅಪ್ಪನೇ ಕಟ್ಟುವವರು, ನೀನು ಬರೀ ಸಹಾಯಕ್ಕೆ ಇದ್ದದ್ದು ಅಂತ ಅವರಿಗೆ ಅರ್ಥ ಆಗಿದೆ."

ಮಕ್ಕಳೇ, ನಿಮ್ಮ ಅಜ್ಜ ಒಳ್ಳೆಯವರು. ಆದರೆ ಅವರ ಮೈಮೇಲೆ ಪಂಚೆ ನಿಂತದ್ದಿಲ್ಲ. ಕೆಲಸಕ್ಕೆ ಹೋಗುವಾಗ ಖಾಕಿ ಪ್ಯಾಂಟು ಇತ್ತು, ಬಚಾವ್. ಮನೆಗೆ ಬಂದು ಪಂಚೆ ಉಟ್ಟರೆ ಅದರ ಮೇಲೆ ಕಂಡಕ್ಟರ್ ಚೀಲದ ಬೆಲ್ಟನ್ನು ಬಿಗಿಯಬೇಕಿತ್ತು. ನಮ್ಮ ಮದುವೆಯ ದಿನ ಧಾರೆ ಎರೆಯುವಾಗ ಎರಡೂ ಕೈ ಚಾಚಿ ನಿಂತರಲ್ಲ, ಪಂಚೆ ನಿಧಾನವಾಗಿ ಇಳಿಯಲಿಕ್ಕೆ ಶುರುವಾಯಿತು. ಕೈ ತೆಗೆಯುವ ಹಾಗಿಲ್ಲ. ನನ್ನ ಸೋದರಮಾವ ಹಿಂದಿನಿಂದ ಬಂದು, ಮಂತ್ರ ಮುಗಿಯುವವರೆಗೆ ಅದನ್ನು ಹಿಡಿದುಕೊಂಡು ನಿಂತರು. ಫೋಟೋದಲ್ಲಿ ಮಾವ ಏನೋ ಆಶೀರ್ವಾದ ಮಾಡುತ್ತಿರುವ ಹಾಗೆ ಕಾಣುತ್ತಾರೆ. ಅಂಥವರು ಗಂಟು ಹಾಕುತ್ತಿದ್ದರಾ ಎಂದು ಜಪಾನಿನಿಂದ ಬಂದ ಹೆಂಗಸು ತಲೆಬಾಗಿ ಕೇಳುತ್ತಿದ್ದಾರೆ.

ನನಗೆ ನಗು ಬಂತು. ತಡೆಯಲಾಗಲಿಲ್ಲ. ನಗುತ್ತಿದ್ದ ಹಾಗೆ ಒಂದು ಸಣ್ಣ ಸಿಟ್ಟೂ ಬಂತು. ಇಷ್ಟು ವರ್ಷ ಊರವರು ಹೇಳದೆಯೇ ಹೇಳಿದ್ದು, ನಾನು ಕೇಳದೆಯೇ ಒಪ್ಪಿಕೊಂಡದ್ದು, ಇದೇ ಅಲ್ಲವಾ? ನನ್ನ ಕೈಯ ಕೆಲಸ ಅವರದ್ದು, ಅವರು ಹೋಗುವಾಗ ಕಟ್ಟಿಕೊಂಡು ಹೋದರು ಎಂದು? ಇಲ್ಲ ಎಂದು ಹೇಳು ಎಂದೆ ಶೋಭಾಳಿಗೆ. ಹೆಡ್‌ಮಾಸ್ತರರ ಎದುರು ನಿಂತೆ. ದಾರ ಬಿಗಿದು ಗಂಟು ಹಾಕಿದೆ. ಅವರು ತಾವಾಗಿಯೇ ಹೈ ಎಂದರು, ಈ ಸಲ ಸ್ವಲ್ಪ ಬೇಗನೇ ಎಂದರು.

ಕುಣಿತದ ವಿಷಯ ಹೆಚ್ಚು ಹೇಳಲಿಕ್ಕಿಲ್ಲ. ನಾಲ್ಕು ಜನ ಕೆಂಪಿನವರು ಬಂದು, ಒಂದು ಕಾಲೆತ್ತಿದರು. ಅದನ್ನು ಕೆಳಗಿಡುವಷ್ಟರಲ್ಲಿ ನಾನು ಒಂದು ಸೇರು ಅಕ್ಕಿಯ ಕಲ್ಲು ಆರಿಸಿ ಮುಗಿಸಬಹುದಿತ್ತು. ಇಂಥದ್ದನ್ನು ಕೂತು ನೋಡಿದ ರಾಜರಿಗೆ ಬೇರೆ ಕೆಲಸ ಇರಲಿಲ್ಲ. ನಿಹಾಲ್, ನೀನು ನನ್ನ ಮಡಿಲಲ್ಲಿ ಕೂತು, ಅಜ್ಜಿ ಇದು ಬಫರಿಂಗ್ ಆಗ್ತಾ ಉಂಟು ಎಂದದ್ದು ಹಿಂದಿನ ಸಾಲಿಗೂ ಕೇಳಿತು. ನಿಮ್ಮ ಅಪ್ಪ ರಾಜಕುಮಾರನ ಮುಖವಾಡ ಬರುವ ಮೊದಲೇ ನಿದ್ದೆ ಹೋಗಿದ್ದ, ಅವನ ಗದ್ದವೂ ಅದೇ ರೀತಿ ನೇತಾಡುತ್ತಿತ್ತು. ಆದರೆ ನಾನು ಕಣ್ಣು ತೆಗೆಯದೆ ನೋಡಿದೆ. ನಾನು ನೋಡಿದ್ದು ಕುಣಿತವನ್ನಲ್ಲ. ಹೆಡ್‌ಮಾಸ್ತರರು ತಿರುಗುವಾಗ ಆ ಬಾಲ ಅವರ ಹಿಂದೆ ಹಲಗೆಯ ಮೇಲೆ ಸರಸರ ಬಂದು, ಅವರು ನಿಂತ ಮೇಲೆಯೂ ಸ್ವಲ್ಪ ಹೊತ್ತು ಬರುತ್ತಲೇ ಇತ್ತು. ಯಾರೂ ಅದನ್ನು ಬೈಯಲಿಲ್ಲ.

ಇನ್ನು ನೇರ ಮದುವೆ ದಿನಕ್ಕೆ ಬರುತ್ತೇನೆ. ಆ ಗಂಟಿನ ಧೈರ್ಯ ಮನೆಯವರೆಗೆ ಬರಲಿಲ್ಲ ಎಂದು ಹೇಳಲೇಬೇಕು. ಜಪಾನಿನ ಹೆಡ್‌ಮಾಸ್ತರರ ಎದುರು ನಿಲ್ಲುವುದು ಬೇರೆ, ಸ್ವಂತ ನಾದಿನಿಯ ಎದುರು ನಿಲ್ಲುವುದು ಬೇರೆ. ಹಾಲಿನಲ್ಲಿ ಡ್ರೆಸ್ಸಿಂಗ್ ಕೋಣೆಯ ಹೊರಗೆ ಸುಮಿತ್ರಾ ನನಗೆ ಒಂದು ಕುರ್ಚಿ ಹಾಕಿಸಿದ್ದಳು. ಅತ್ತಿಗೆಗೆ ಎಸಿ ಆಗುವುದಿಲ್ಲ ಎಂದು ಶಾಲು ಹೊದೆಸಿದಳು. ಕುಡಿಯಲು ಬಿಸಿನೀರು. ಇಷ್ಟು ಅಕ್ಕರೆಯಿಂದ ಹೊರಗಿಟ್ಟರೆ ಮನುಷ್ಯರು ಎಂತ ಮಾಡುವುದು? ನಾನು ಸ್ವಸ್ಥ ಕೂತೆ. ಸೆರಗು ಸಿಕ್ಕಿಸಿಕೊಂಡೇ ಕೂತೆ.

ಒಳಗಿನಿಂದ ಪಾರ್ಲರಿನವಳ ದನಿ, ಸುಮಿತ್ರಾಳ ದನಿ, ಆಮೇಲೆ ದೊಡ್ಡದಾಗಿ ವೀಣಾಳ ದನಿ ಕೇಳಿತು. ಅಮ್ಮ ಬಾರದೆ ತಾನು ಸೀರೆ ಉಡುವುದಿಲ್ಲ ಎನ್ನುತ್ತಿದ್ದಳು. ಧಾರೆ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟಿದ್ದಾಳಂತೆ. ಪುರೋಹಿತರಿಂದ ಹೊತ್ತಾಯಿತೆಂದು ಹೇಳಿಕೆ ಬಂತು. ಪಡಸಾಲೆಯಲ್ಲಿ ಹುಡುಗನ ಕಡೆಯ ಹೆಂಗಸರೆಲ್ಲ ನಿಂತಿದ್ದರು. ಬಾಗಿಲು ತೆರೆದು ಸುಮಿತ್ರಾ ಹೊರಗೆ ಬಂದಳು, ಮುಖ ಕೆಂಪಾಗಿತ್ತು, ನನ್ನ ಎದುರು ಬಗ್ಗಿ ಹೇಳಿದಳು:

"ಅತ್ತಿಗೆ, ಹಠ ಮಾಡ್ತಾಳೆ. ಶಾಸ್ತ್ರ ಬಿಡಲಿಕ್ಕೆ ಆಗ್ತದಾ? ನೀವೇ ಒಂದು ಮಾತು ಹೇಳಿ ಅವಳಿಗೆ."

ನಾನು ಬೇಡ ಎಂದು ನನ್ನ ಬಾಯಿಂದಲೇ ಹೇಳಿಸಬೇಕು. ಇಷ್ಟು ಹೊತ್ತು ಮುಚ್ಚಿದ್ದ ಬಾಗಿಲು ಆಗ ತೆರೆದೇ ಇತ್ತು. ಒಳಗೆ ವೀಣಾ ನನ್ನನ್ನೇ ನೋಡುತ್ತಿದ್ದಳು. ನನಗೆ ಉತ್ತರ ಆ ಹೊತ್ತಿಗೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದೇನಲ್ಲ. ಆ ದಿನ ಒಂದು ಬಂತು. ಪಾಪ, ಅದೂ ನನ್ನ ಸ್ವಂತದ್ದಲ್ಲ, ಯಶೋದಕ್ಕನದು.

"ಸುಮಿತ್ರಾ, ನಿನ್ನ ಅಣ್ಣನಿಗೆ ಸೀರೆ ಉಡಿಸಲಿಕ್ಕೆ ಬರ್ತಿತ್ತಾ?"

ಅವಳಿಗೆ ಅರ್ಥವಾಗಲಿಲ್ಲ. "ಅಣ್ಣನಿಗಾ? ಅವನಿಗೆ ಪಂಚೆ ಸಹ ನಿಲ್ತಿರಲಿಲ್ಲ."

"ಮತ್ತೆ ಅವರು ಹೋದರೆ ನನ್ನ ಕೈಗೆ ಎಂತ ಆಯಿತು?"

ಅಷ್ಟು ಜನರ ನಡುವೆ ನಾನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಶಾಲು ತೆಗೆದು ಕುರ್ಚಿಯ ಮೇಲಿಟ್ಟೆ. ಸುಮಿತ್ರಾ ನನ್ನ ಮುಖ ನೋಡುತ್ತ ನಿಂತಳು. ನಮ್ಮ ಮದುವೆಯಲ್ಲಿ ದೀಪ ಹಿಡಿದು ಅಣ್ಣನ ಪಕ್ಕದಲ್ಲಿ ನಿಂತಿದ್ದ ಹುಡುಗಿ ಅವಳೇ. ಪಂಚೆ ಇಳಿಯುವುದನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು, ನಗಬಾರದೆಂದು ದೀಪವನ್ನೇ ಆರಿಸಿಬಿಟ್ಟವಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು. ಆಮೇಲೆ ಏನೋ ಸಡಿಲವಾಯಿತು. ಕಣ್ಣು ತುಂಬಿತ್ತು, ಆದರೆ ಬಾಯಿ ನಗುತ್ತಿತ್ತು.

"ಖಲ್ಲಿವಲ್ಲಿ ಅತ್ತಿಗೆ, ಬನ್ನಿ" ಎಂದಳು. "ಎದುರಿಗೆ ನಾನು ಹಿಡೀತೇನೆ, ನೀವು ಹಿಂದೆ ನಿಲ್ಲಿ."

"ಇಲ್ಲ, ಹಿಂದೆ ನೀನು ನಿಲ್ಲು" ಎಂದೆ.

ವೀಣಾಳ ಎದುರು ನಿಂತು ನೆರಿಗೆ ಹಿಡಿದೆ. ಕೈ ಏನೂ ಮರೆತಿರಲಿಲ್ಲ. ಅವಳು ಅಳುತ್ತಿದ್ದಳು, ಪಾರ್ಲರಿನವಳು ಕಣ್ಣಿನ ಕಪ್ಪು ಇಳಿಯುತ್ತದೆ ಎಂದು ಟಿಶ್ಯೂ ಹಿಡಿದು ಓಡಾಡುತ್ತಿದ್ದಳು. ಉಸಿರಾಡಲಿಕ್ಕೆ ಆಗುತ್ತದಾ ಮಗಾ ಎಂದು ಕೇಳಿದೆ. ಅವಳು ಮೂಗು ಒರೆಸಿಕೊಂಡು ಹೈ ಎಂದಳು. ಶೋಭಾ ಎಲ್ಲ ಕಥೆ ಹೇಳಿಬಿಟ್ಟಿದ್ದಾಳೆ ಎಂದು ಆಗ ನನಗೆ ಗೊತ್ತಾಯಿತು.

ಆ ಗಡಿಬಿಡಿಯಲ್ಲಿ ನನ್ನ ಸೆರಗು ಯಾವಾಗಲೋ ಬಿಚ್ಚಿಕೊಂಡಿತ್ತು. ಧಾರೆ ಮಂಟಪದವರೆಗೆ ಅದನ್ನು ಎಳೆದುಕೊಂಡೇ ಹೋದೆನಂತೆ. ಆಮೇಲೆ ನಾನದನ್ನು ಸಿಕ್ಕಿಸಲಿಲ್ಲ. ಅಡುಗೆ ಮಾಡುವಾಗ ಸಿಕ್ಕಿಸುತ್ತೇನೆ, ಇನ್ನು ಮೇಲೆ ಎಸ್ಕಲೇಟರಿನಲ್ಲೂ ಎತ್ತಿಕೊಳ್ಳುತ್ತೇನೆ, ಅಷ್ಟು ಬುದ್ಧಿ ಉಂಟು. ಉಳಿದ ಹೊತ್ತಿನಲ್ಲಿ ಅದು ನನ್ನ ಹಿಂದೆ ಬರಲಿ. ಕೇಳಿದವರಿಗೆ ನಮ್ಮ ಅಜ್ಜಿ ಜಪಾನಿನ ಲೆಕ್ಕದಲ್ಲಿ ದೊಡ್ಡ ಮನುಷ್ಯಳು ಎಂದು ಹೇಳಿ.

ಈ ಹಾಳೆಗಳನ್ನು ಜೋಪಾನ ಮಾಡಿ. ನಿಮ್ಮ ಅಪ್ಪ ಹೋಟೆಲಿನ ಮೆನು ತುರುಕಿಡುತ್ತಾನಲ್ಲ, ಆ ಡ್ರಾವರಿನಲ್ಲಿ ಬೇಡ. ಕನ್ನಡ ಬಂದ ದಿನ ನೀವೇ ಓದಿ, ಅಮ್ಮ ಎಲ್ಲೆಲ್ಲಿ ಗಂಟಲು ಸರಿಮಾಡಿಕೊಂಡಳೋ ಅಲ್ಲೆಲ್ಲ ಎರಡು ಸಲ ಓದಿ. ಒಟ್ಟಿಗೆ ಇರಲಿ ಎಂದು ಪಿನ್ನು ಹೊಡೆಯಬೇಡಿ, ಈ ಊರಿನ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಒಂದು ದಾರ ಸುತ್ತಿ ಗಂಟು ಹಾಕಿ. ಹಾಕಲಿಕ್ಕೆ ಬಾರದಿದ್ದರೆ ನನ್ನನ್ನು ಕರೆಯಿರಿ. ಕರೆದರೆ ಬರುತ್ತೇನೆ.